ಭೂಮಿ ಯೋಜನೆ: ಕೇಂದ್ರ ಗಣಕ ಮತ್ತು ತಾಲ್ಲೂಕು ಗಣಕಗಳ ನಡುವೆ ಪಹಣಿ ದಾಖಲೆಗಳ ವಿನಿಮಯ

ಹಿನ್ನೆಲೆ

ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪಹಣಿಗಳನ್ನು ಗಣಕೀಕರಿಸಲು ಕಂದಾಯ ಇಲಾಖೆಯು 'ಭೂಮಿ' ಯೋಜನೆಯನ್ನು ಕೈಗೊಂಡಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಲಾಯಿತು. ಇದರ ತಂತ್ರಾಂಶವನ್ನು ಎನ್.ಐ.ಸಿ. ಸಂಸ್ಥೆಯು ರೂಪಿಸಿತು. ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿ ಆಯಾ ತಾಲ್ಲೂಕಿನ ದಾಖಲೆ ಮಾತ್ರ ಇರುತ್ತಿತ್ತು. ಆದುದರಿಂದ ಮುಳಬಾಗಿಲಿನ ಪಹಣಿಗೆ ಮುಳಬಾಗಿಲಿಗೂ, ಶ್ರೀನಿವಾಸಪುರದ ಪಹಣಿಗೆ ಶ್ರೀನಿವಾಸಪುರಕ್ಕೂ ರೈತರು ಹೋಗಬೇಕಾಗಿತ್ತು. ಆಗ ಪ್ರತಿಯೊಂದಕ್ಕೆ 15 ರೂಪಾಯಿ ಶುಲ್ಕವಿತ್ತು.

ಕಾರ್ಯವಿಧಾನ

ತರುವಾಯ ತಾಲ್ಲೂಕುಗಳ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ವರ್ಗಾಯಿಸಲಾಯಿತು. ಕೋಲಾರ ಅಥವಾ ಮಾಲೂರಿನ ಕೌಂಟರ್‌ನಲ್ಲಿರುವ ಗಣಕದಲ್ಲಿ ಮೂಲ ದಾಖಲೆ ಇರುವುದಿಲ್ಲ. ಸಿಬ್ಬಂದಿಯು ಗ್ರಾಮ ಹಾಗೂ ಸರ್ವೆ ನಂಬರನ್ನು ನಮೂದಿಸಿದಾಗ ಕೋರಿಕೆಯು ಜಾಲದ ಮೂಲಕ ಕೇಂದ್ರಕ್ಕೆ ತಲುಪಿ, ಆ ಕ್ಷಣದ ದಾಖಲೆಯ ಪ್ರತಿ ಮುದ್ರಣಗೊಳ್ಳುತ್ತದೆ. ಸಂಪರ್ಕ ಕಡಿತಗೊಂಡಲ್ಲಿ ವಿತರಣೆ ನಿಲ್ಲುತ್ತದೆಯೇ ಹೊರತು ದಾಖಲೆ ನಷ್ಟವಾಗುವುದಿಲ್ಲ.

ನೋಂದಣಿ ಮತ್ತು ಹಕ್ಕು ಬದಲಾವಣೆ

ಉಪ ನೋಂದಣಾಧಿಕಾರಿಗಳ ಕಚೇರಿಯ 'ಕಾವೇರಿ' ತಂತ್ರಾಂಶದಿಂದ ಕ್ರಯದ ವಿವರವು 'ಭೂಮಿ'ಗೆ ಗಣಕದ ಮೂಲಕವೇ ರವಾನೆಯಾಗುತ್ತದೆ. ಆದರೆ ಕಡತ ತಲುಪಿದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 129ನೇ ಪ್ರಕರಣದಂತೆ ನೋಟೀಸು ಪ್ರಕಟಿಸಿ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಬಳಿಕವೇ ಸಕ್ಷಮ ಅಧಿಕಾರಿಯು ಬದಲಾವಣೆಯನ್ನು ಪ್ರಮಾಣೀಕರಿಸುತ್ತಾರೆ.

ಅರ್ಜಿದಾರರ ಗಮನಕ್ಕೆ

1. ಜಮೀನು ಖರೀದಿಸುವವರು ಮಾರಾಟಗಾರರು ತೋರಿಸುವ ಹಳೆಯ ಪ್ರತಿಯನ್ನು ನಂಬದೆ ಹೊಸದಾಗಿ ಪಹಣಿ ಪಡೆಯತಕ್ಕದ್ದು. ಮುದ್ರಿತ ಪ್ರತಿಯು ಅಂದಿನ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ.

2. ಹೆಸರು, ವಿಸ್ತೀರ್ಣ, ಹಿಸ್ಸಾ ಸಂಖ್ಯೆ ಮತ್ತು ಋಣದ ಕಲಂಗಳನ್ನು ಕೌಂಟರ್ ಬಿಡುವ ಮುನ್ನವೇ ಪರಿಶೀಲಿಸುವುದು.

3. ತಪ್ಪು ಕಂಡುಬಂದಲ್ಲಿ ಕೌಂಟರ್ ಸಿಬ್ಬಂದಿಗೆ ತಿದ್ದುವ ಅಧಿಕಾರವಿರುವುದಿಲ್ಲ. ತಹಶೀಲ್ದಾರರಿಗೆ ಪೂರಕ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.

4. ಪಾಲುದಾರರು ಹಕ್ಕು ಬದಲಾವಣೆಯ ನೋಟೀಸನ್ನು ಕಡೆಗಣಿಸಬಾರದು. 133ನೇ ಪ್ರಕರಣದಂತೆ, ಸುಳ್ಳೆಂದು ರುಜುವಾತಾಗುವವರೆಗೆ ದಾಖಲೆಯ ನಮೂದು ಸರಿಯೆಂದೇ ಭಾವಿಸಲ್ಪಡುತ್ತದೆ.

5. ಹಕ್ಕು ಬದಲಾವಣೆಯ ಆದೇಶದಿಂದ ಬಾಧಿತರಾದವರು 136(2)ನೇ ಪ್ರಕರಣದಡಿ ಆದೇಶ ತಲುಪಿದ 60 ದಿನಗಳೊಳಗೆ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು.