ಮೂರು ತಾಲೂಕುಗಳ ಪಥ್ಯದ ಅಡುಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆತೋಟದ ಸೀಮೆಯಲ್ಲಿ ಊಟಕ್ಕೆ ಕುಳಿತವರ ಬಾಳೆಲೆಗೆ ಅನ್ನದ ಬೆನ್ನಿಗೇ ಬರುವ ತಂಬುಳಿಯನ್ನು ಈಚಿನವರಾದ ನಾವು ಪ್ರಾಂತವಿಶೇಷದ ರುಚಿಯೆಂದು ಕೊಂಡಾಡುತ್ತೇವೆ. ಅದೇ ತಂಬುಳಿಯು ಜ್ವರದಿಂದ ಎದ್ದವನಿಗೂ ಹೊಟ್ಟೆ ಕೆಟ್ಟು ಬಳಲಿದವನಿಗೂ ಮನೆಯ ಹಿರಿಯರು ಅಳತೆಯರಿತು ಬಡಿಸುತ್ತಿದ್ದ ಪಥ್ಯವೂ ಆಗಿದ್ದಿತೆಂಬುದನ್ನು ನೆನೆಯುವುದು ಅಪರೂಪ. ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿ, ಅದರ ದೆಸೆಯಿಂದ ಜಠರವೂ ತನ್ನ ಕೆಲಸದಲ್ಲಿ ಹಿಂದೆ ಬಿದ್ದ ಜನರು ಇಂದು ಈ ಸೀಮೆಯಲ್ಲಿಯೂ ಇದ್ದಾರೆ. ಅಂಥವರ ಮನೆಗಳಲ್ಲಿ ಈ ಹಳೆಯ ಅಡುಗೆಯು ಹೊಸದೊಂದು ಪ್ರಯೋಜನಕ್ಕೆ ಒದಗುತ್ತಿರುವುದನ್ನು ಕಂಡ ಮೇಲೆ, ಇದರ ಹಿಂದಿನ ಕಥೆಯನ್ನು ಬರೆದಿಡಬೇಕೆಂದು ನನಗೆ ತೋರಿತು.

ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಂಪನಿ ಸರಕಾರದ ಆಜ್ಞೆಯಂತೆ ದೇಶಸಂಚಾರ ಕೈಕೊಂಡ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿಗಳ ಮಾರ್ಗವಾಗಿ ಹಾದುಹೋದನು. ಕಣಿವೆಗಳ ತಳದಲ್ಲಿ ಹವ್ಯಕರು ಬೆಳೆಸಿದ್ದ ತೋಟಗಳನ್ನೂ, ಬೆಟ್ಟದ ಸೊಪ್ಪನ್ನು ತಂದು ಗೊಬ್ಬರವಾಗಿ ಹಾಕುವ ಕ್ರಮವನ್ನೂ ಅವನು ವಿವರವಾಗಿ ಬರೆದಿದ್ದಾನೆ. ಅಡಕೆಗೆ ತಂಪೂ ನೀರೂ ಬೇಕು. ಆದುದರಿಂದ ತೋಟವೂ ಮನೆಯೂ ಹರಿಯುವ ಹಳ್ಳದ ಮಗ್ಗುಲಲ್ಲಿಯೇ ನೆಲೆಗೊಂಡವು. ಮಲೇರಿಯಾವನ್ನು ಹರಡುವ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯು ಮೊಟ್ಟೆಯಿಡುವುದೂ ಮೆಲ್ಲಗೆ ಹರಿಯುವ ಅಂಥ ತಿಳಿನೀರಿನಲ್ಲಿಯೇ. 1883ರಲ್ಲಿ ಹೊರಬಂದ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟವು ಘಟ್ಟದ ಮೇಲಿನ ಈ ತಾಲೂಕುಗಳ ಜ್ವರಬಾಧೆಯನ್ನು ಹೇಳದೆ ಬಿಟ್ಟಿಲ್ಲ. ಚಳಿಜ್ವರ, ಹಿಗ್ಗಿದ ಗುಲ್ಮ, ಜ್ವರ ಬಿಟ್ಟ ಮೇಲೆಯೂ ಬಿಡದ ಅರುಚಿ, ಮಳೆಗಾಲದ ಆಮಶಂಕೆ ಇವುಗಳೊಡನೆ ತಲೆಮಾರುಗಳು ಬಾಳಿದವು.

ಇಂಥ ನೆಲದಲ್ಲಿ ಅಡುಗೆಮನೆಯೇ ಅರ್ಧ ಔಷಧಶಾಲೆಯಾದುದು ಸಹಜ. ಬೇಸಿಗೆಯಲ್ಲಿ ಬೆಟ್ಟದಿಂದ ಆರಿಸಿ ತಂದು ಒಣಗಿಸಿಡುತ್ತಿದ್ದ ಕೊಡಸದ ಹೂವು, ನೆಲ್ಲಿಚಟ್ಟು, ಬಿಸಾಡದೆ ಕೂಡಿಟ್ಟ ದಾಳಿಂಬೆಯ ಸಿಪ್ಪೆ, ಹಿತ್ತಿಲಿನ ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಶುಂಠಿ, ಈ ಒಂದೊಂದಕ್ಕೂ ಒಂದೊಂದು ತಂಬುಳಿಯಿದ್ದು, ಯಾವುದು ಯಾವ ಹೊಟ್ಟೆಗೆ ಸಲ್ಲುವುದೆಂಬ ವಿವೇಚನೆಯು ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ಬರುತ್ತಿದ್ದಿತು. ಕೊಡಸದ ಮರವು ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅತಿಸಾರಕ್ಕೆ ಪ್ರಸಿದ್ಧವಾದ ಕುಟಜವೇ ಆಗಿದೆ. ಶಾಸ್ತ್ರವು ತೊಗಟೆಯನ್ನು ಹೇಳಿದರೆ ನಮ್ಮ ಹೆಂಗಸರು ಹೂವನ್ನೂ ಆರಿಸಿದರು. ಈ ಪಥ್ಯದ ಅರಿವನ್ನು ಹವ್ಯಕರ ಸೊತ್ತು ಮಾತ್ರವೆಂದು ಹೇಳುವುದು ನ್ಯಾಯವಲ್ಲ. ಗಂಜಿಯ ತಿಳಿಗೆ ಉಪ್ಪು ಬೆರೆಸಿ ಕುಡಿಯುವ ವಾಡಿಕೆ ದೀವರ ಮನೆಯಲ್ಲಿಯೂ ಇದ್ದಿತು, ತೋಟದಾಳಿನ ಬಿಡಾರದಲ್ಲಿಯೂ ಇದ್ದಿತು. ಕಾಡಿನ ಸೊಪ್ಪುಸದೆಗಳ ತಿಳಿವಳಿಕೆಗೆ ಜಾತಿಯ ಬೇಲಿ ಇರಲಿಲ್ಲ.

1946ರಲ್ಲಿ ಮುಂಬಯಿ ಸರಕಾರವು ಡಾಕ್ಟರ್ ಡಿ. ಕೆ. ವಿಶ್ವನಾಥನ್ನರ ಮೇಲ್ವಿಚಾರಣೆಯಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸತೊಡಗಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಬರುವ ಹೊತ್ತಿಗಾಗಲೇ ಈ ಸೀಮೆಯ ಜನ ಅದರ ಫಲವನ್ನು ಕಂಡಿದ್ದರು. ಜ್ವರವು ಹಿಂದೆ ಸರಿದುದರೊಡನೆ ಜ್ವರಕ್ಕಾಗಿ ಕಾದಿರುತ್ತಿದ್ದ ಪಥ್ಯವೂ ಹಿಂದೆ ಸರಿಯಿತು. ಕೊಡಸದ ಹೂವಿನ ಡಬ್ಬಿ ಅಟ್ಟ ಸೇರಿತು. ತಂಬುಳಿ ಮದುವೆಮನೆಯ ಪಂಕ್ತಿಗೆ ಏರಿ, ತೆಂಗಿನಕಾಯಿ ಹೆಚ್ಚಿಸಿಕೊಂಡು, ಸುವಾಸನೆಯ ಒಗ್ಗರಣೆ ಹಾಕಿಸಿಕೊಂಡು ಸೊಗಸಾಯಿತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರೊಳಗಿದ್ದ ಅಳತೆಯ ಜ್ಞಾನ ಆಗ ಸಡಿಲಾಯಿತೆಂಬುದು ನನ್ನ ವ್ಯಸನ.

ಇನ್ನೊಂದು ಕಾಯಿಲೆಯ ಕಥೆಯು ದೂರದಲ್ಲಿ ಬೇರೆಯಾಗಿ ನಡೆಯುತ್ತಿದ್ದಿತು. 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆತ ಮೇಲೆ ಮಧುಮೇಹಿಗಳು ಬಹುಕಾಲ ಬದುಕತೊಡಗಿದರು. ಬಹುಕಾಲ ಬದುಕಿದವರಲ್ಲಿ ಆ ಕಾಯಿಲೆಯ ದೀರ್ಘಪರಿಣಾಮಗಳು ಕಾಣಿಸಿಕೊಂಡವು. 1958ರಲ್ಲಿ ಪಾಲ್ ಕಸಾಂಡರ್ ಎಂಬ ಅಮೆರಿಕೆಯ ವೈದ್ಯನು ಕೆಲವು ಮಧುಮೇಹಿಗಳ ಜಠರದಲ್ಲಿ ಆಹಾರವು ಹೊತ್ತುಮೀರಿ ಉಳಿದುಕೊಳ್ಳುವುದನ್ನು ವರ್ಣಿಸಿ ಅದಕ್ಕೆ ಗ್ಯಾಸ್ಟ್ರೋಪರೇಸಿಸ್ ಎಂದು ಹೆಸರಿಟ್ಟನು. ಪಾದಗಳಿಗೆ ಜೋಮು ಹಿಡಿಸಿ ಉರಿ ಎಬ್ಬಿಸುವ ನರಹಾನಿಯೇ ಮೆದುಳಿನಿಂದ ಜಠರದವರೆಗೆ ಇಳಿದುಬರುವ ವೇಗಸ್ ನರವನ್ನೂ ಮುಟ್ಟಿದಾಗ, ಅನ್ನವನ್ನು ಅರೆದು ಮುಂದೂಡುವ ಜಠರದ ಚಲನೆ ಕುಂದುವುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ಬೆಳಗ್ಗೆ ಉಂಡುದು ಸಂಜೆ ಬಾಯಿಗೆ ಬಂದು, ಒಮ್ಮೆ ಮಲಬದ್ಧತೆ, ಒಮ್ಮೆ ನಡುರಾತ್ರಿಯ ಭೇದಿ ಹೀಗೆ ಮನುಷ್ಯನು ಹಣ್ಣಾಗುವನು. ಅನ್ನವು ಯಾವಾಗ ರಕ್ತಕ್ಕೆ ಇಳಿಯುವುದೆಂಬುದೇ ತಿಳಿಯದಿರುವುದರಿಂದ, ಇನ್ಸುಲಿನ್ ಚುಚ್ಚಿಕೊಂಡ ಬಳಿಕ ಸಕ್ಕರೆ ಒಮ್ಮೆಗೇ ಕುಸಿಯುವ ಭಯವೂ ಇದರೊಡನಿದೆ.

ಈ ಸ್ಥಿತಿಗೆ ವೈದ್ಯರು ಹೇಳುವ ಆಹಾರಕ್ರಮವೆಂದರೆ ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಉಣ್ಣುವುದು, ಜಿಡ್ಡನ್ನೂ ನಾರನ್ನೂ ತಗ್ಗಿಸುವುದು, ಗಟ್ಟಿಯಾದುದಕ್ಕಿಂತ ಅರೆದುದನ್ನೂ ದ್ರವವನ್ನೂ ಆಶ್ರಯಿಸುವುದು, ಉಂಡೊಡನೆ ಮಲಗದಿರುವುದು. ಸಿದ್ದಾಪುರದ ಕಡೆಯ ನನ್ನ ಬಂಧುಗಳ ಮನೆಯೊಂದರಲ್ಲಿ ಇದೇ ಕ್ರಮವು ಯಾರೂ ಕಲಿಸದೆ ನಡೆಯುವುದನ್ನು ನಾನು ನೋಡಿದ್ದೇನೆ. ಅತ್ತಿಗೆಯು ಒಂದೆಲಗದ ತೊಟ್ಟು ಬಿಡಿಸಿ, ಎಲೆಯನ್ನು ಜೀರಿಗೆ, ಕಾಳುಮೆಣಸುಗಳೊಡನೆ ತುಪ್ಪದ ಪಸೆಯಲ್ಲಿ ಬಾಡಿಸಿ, ಕಾಯಿತುರಿಯನ್ನು ಚಿಟಿಕೆಯಷ್ಟೇ ಹಾಕಿ ನುಣ್ಣಗೆ ರುಬ್ಬಿದರು. ಆಮೇಲೆ ಬಿಳಿಯ ಪಂಚೆಯ ತುಂಡಿನಲ್ಲಿ ಸೋಸಿ ನಾರೆಲ್ಲವನ್ನೂ ತೆಗೆದು, ಹುಳಿಯೇರದ ಮಜ್ಜಿಗೆ ಬೆರೆಸಿದರು. ಒಗ್ಗರಣೆಯಿಲ್ಲ. ಈ ಕಾಯಿಲೆಯಿಂದ ಬಳಲುವ ಭಾವನವರು ಮೆದುವಾಗಿ ಬೆಂದ ಅನ್ನಕ್ಕೆ ಅದನ್ನು ಕಲಸಿ ಬಟ್ಟಲಿನ ಅರ್ಧವನ್ನು ಉಂಡು, “ಸಾಕೇ, ಉಳದ್ದು ಸಂಜೆಗೆ ಉಣ್ತಿ” ಎಂದು ಎದ್ದು, ಕೋಲೂರಿ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರು. ಪಾದದ ಸ್ಪರ್ಶ ಮಂದವಾಗಿರುವುದರಿಂದ ಅಂಗಳದಲ್ಲಿಯೂ ಚಪ್ಪಲಿ ಮೆಟ್ಟಿಯೇ ನಡೆಯುವರು.

ಹಳೆಯದೆಲ್ಲವೂ ಈ ಹೊಟ್ಟೆಗೆ ಹಿತವೆಂದು ಭ್ರಮಿಸಬಾರದು. ಸಕ್ಕರೆಗೆ ಒಳ್ಳೆಯದೆಂದು ಮುಷ್ಟಿಗಟ್ಟಲೆ ನುಂಗುವ ಮೆಂತೆಯು ತನ್ನ ನಾರಿನಿಂದಾಗಿ ನಿಧಾನವಾದ ಜಠರವನ್ನು ಇನ್ನಷ್ಟು ನಿಧಾನಗೊಳಿಸಬಲ್ಲುದು. ಹಲಸಿನ ಹಪ್ಪಳ, ಹಸಿಯ ಕೋಸಂಬರಿ, ಕಾಯಿ ಹೆಚ್ಚಾದ ಗೊಜ್ಜುಗಳಿಗೂ ಇದೇ ಮಾತು. ಅಪ್ಪೆಹುಳಿಯೂ ಮುರುಗಲ ಪಾನಕವೂ ಬಾಯಾರಿದವನಿಗೆ ಅಮೃತವಾದರೂ ಹುಳಿತೇಗು ಬರುವವನಿಗೆ ಎದೆಯುರಿಯನ್ನು ತರುವುವು. ಒಂದೆಲಗವು ನರಕ್ಕೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆಯಾದರೂ, ಆ ನಂಬಿಕೆಯ ಮೇಲೆ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಜೀವಸತ್ವ ಕುಂದಿ, ಅದರಿಂದಲೇ ನರಗಳು ಬೇರೆಯಾಗಿ ಕೆಡುವುದುಂಟು. ಹಾಲು ಮೊಸರುಗಳಿಂದ ಮಾತ್ರ ಆ ಸತ್ವವನ್ನು ಪಡೆಯುವ ಈ ಸೀಮೆಯ ಸಸ್ಯಾಹಾರಿಗಳು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ.

ಭಾವನವರಿಗೆ ಆಸ್ಪತ್ರೆಯೊಂದರಲ್ಲಿ ಕೊಟ್ಟ ಅಚ್ಚಿನ ಪಥ್ಯದ ಚೀಟಿಯನ್ನು ನಾನು ಓದಿದೆನು. ಅದರಲ್ಲಿ ಓಟ್ಸ್ ಇದ್ದಿತು, ಸೂಪ್ ಇದ್ದಿತು. ತಂಬುಳಿಯ ಹೆಸರಿರಲಿಲ್ಲ, ಗಂಜಿಯ ಹೆಸರೂ ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಗಳಿಗೆಂದು ಬರೆಯುವ ಚೀಟಿಯಲ್ಲಿ ಸೋಸಿದ ಒಂದೆಲಗದ ತಂಬುಳಿ, ಉಪ್ಪು ಹಾಕಿದ ಗಂಜಿತಿಳಿ, ಕಾಯಿ ಕಡಮೆ ಮಾಡಿದ ಶುಂಠಿಯ ತಂಬುಳಿ ಇವುಗಳನ್ನು ಅಳತೆ ಹೊತ್ತುಗಳೊಡನೆ ಸೇರಿಸಬೇಕು. ಅದನ್ನು ಬರೆಯುವ ಮುನ್ನ ಆಹಾರತಜ್ಞರು ಈ ಮೂರು ತಾಲೂಕುಗಳ ಅಡುಗೆಮನೆಗಳಲ್ಲಿ ಇನ್ನೂ ಬದುಕಿರುವ ಅಜ್ಜಿಯರೊಡನೆ ಕುಳಿತು ಮಾತನಾಡಬೇಕು.