ಮುಗಿಲೆತ್ತರದ ಊಟದ ಮನೆಗಳು: ಒಂದು ಚಾರಿತ್ರಿಕ ನೋಟ

ನಗರವನ್ನು ಮೇಲಿನಿಂದ ನೋಡುತ್ತ ಊಟ ಉಪಾಹಾರ ಮಾಡುವ ರೂಢಿ ಬಹಳ ಹಳೆಯದಲ್ಲ. ಲಿಫ್ಟ್ ಬರುವ ಮೊದಲು ಪ್ಯಾರಿಸ್‌ನಂತಹ ನಗರಗಳ ಬಹುಮಹಡಿ ಮನೆಗಳಲ್ಲಿ ಉಳ್ಳವರು ಕೆಳ ಅಂತಸ್ತುಗಳಲ್ಲಿ ವಾಸಿಸುತ್ತಿದ್ದರು. ಮೆಟ್ಟಿಲೇರುವ ಶ್ರಮದಿಂದಾಗಿ ಬಾಡಿಗೆ ಕಡಿಮೆಯಿದ್ದ ಮೇಲಿನ ಕೋಣೆಗಳು ಬಡವರಿಗೂ ಮನೆಯಾಳುಗಳಿಗೂ ಸಲ್ಲುತ್ತಿದ್ದವು. ಹಗ್ಗ ತುಂಡಾದರೂ ತೊಟ್ಟಿಲು ಕೆಳಗೆ ಬೀಳದಂತೆ ಹಿಡಿದು ನಿಲ್ಲಿಸುವ ಸುರಕ್ಷಾ ಸಾಧನವನ್ನು ಎಲಿಷಾ ಓಟಿಸ್ ರೂಪಿಸಿದ ಮೇಲೆ, 1857ರಲ್ಲಿ ನ್ಯೂಯಾರ್ಕಿನ ಹಾವೌಟ್ ಮಳಿಗೆಯಲ್ಲಿ ಜನರನ್ನು ಒಯ್ಯುವ ಲಿಫ್ಟ್ ಓಡಾಡತೊಡಗಿತು. ಆ ಬಳಿಕದ ದಶಕಗಳಲ್ಲಿ ಅಂತಸ್ತುಗಳ ಬೆಲೆ ತಲೆಕೆಳಗಾಗಿ, ಎತ್ತರವೇ ಮಾರಾಟದ ಸರಕಾಯಿತು.

1889ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಎದ್ದ ಐಫೆಲ್ ಗೋಪುರ ಇದರ ಮೊದಲ ದೊಡ್ಡ ನಿದರ್ಶನ. ನೆಲದಿಂದ 57 ಮೀಟರ್ ಎತ್ತರದ ಅದರ ಮೊದಲ ಅಟ್ಟದಲ್ಲಿ ಫ್ರೆಂಚ್, ರಷ್ಯನ್, ಫ್ಲೆಮಿಶ್ ಮತ್ತು ಆಂಗ್ಲೋ-ಅಮೆರಿಕನ್ ಶೈಲಿಯ ನಾಲ್ಕು ಊಟದ ಮನೆಗಳಿದ್ದವು. ಲಿಫ್ಟ್‌ಗಳು ಸಿದ್ಧವಾಗುವುದಕ್ಕೆ ಮುನ್ನವೇ ಸುಮಾರು 30,000 ಜನ ಮೆಟ್ಟಿಲುಗಳನ್ನೇರಿ ಗೋಪುರವನ್ನು ನೋಡಿಬಂದದ್ದು, ಆ ನೋಟಕ್ಕಾಗಿ ಜನರಲ್ಲಿದ್ದ ಹಂಬಲ ಎಷ್ಟೆಂಬುದನ್ನು ತೋರಿಸುತ್ತದೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದೂರದರ್ಶನ ಪ್ರಸಾರ ಈ ರೂಢಿಗೆ ಹೊಸ ನೆಲೆ ಒದಗಿಸಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಪ್ರಸಾರ ಸಂಸ್ಥೆ ಬರಿಯ ಉಕ್ಕಿನ ಕಂಬವೊಂದನ್ನು ನಿಲ್ಲಿಸಲು ಯೋಜಿಸಿದ್ದಾಗ, ಇಂಜಿನಿಯರ್ ಫ್ರಿಟ್ಜ್ ಲಿಯೋನ್‌ಹಾರ್ಟ್ ಅದರ ಬದಲಿಗೆ ಊಟದ ಮನೆಯೂ ವೀಕ್ಷಣಾ ಅಟ್ಟವೂ ಇರುವ ಕಾಂಕ್ರೀಟ್ ಗೋಪುರವನ್ನು ಸೂಚಿಸಿದರು. 1956ರಲ್ಲಿ ತೆರೆದ ಆ ಗೋಪುರದ ನಿರ್ಮಾಣವೆಚ್ಚ ಸಂದರ್ಶಕರ ಹಣದಿಂದ ಐದೇ ವರ್ಷಗಳಲ್ಲಿ ಮರಳಿ ಬಂದುದರಿಂದ, ಬೇರೆ ನಗರಗಳೂ ಅದೇ ಮಾದರಿಯನ್ನು ಹಿಡಿದವು. 1959ರ ಡಾರ್ಟ್‌ಮುಂಡ್ ಗೋಪುರ ಮತ್ತು 1962ರ ಸಿಯಾಟಲ್ ‘ಸ್ಪೇಸ್ ನೀಡಲ್’ ಗೋಪುರಗಳಲ್ಲಿ ಸುತ್ತುವ ಊಟದ ಮನೆಗಳು ಬಂದವು. ಅಲ್ಲಿ ಮೇಜುಗಳಿರುವ ಉಂಗುರಾಕಾರದ ನೆಲ ಮೋಟಾರಿನ ಬಲದಿಂದ ನಿಧಾನವಾಗಿ ತಿರುಗುವುದರಿಂದ, ಕುಳಿತವರು ಏಳದೆಯೇ ನಾಲ್ಕು ದಿಕ್ಕುಗಳನ್ನೂ ನೋಡಬಹುದಾಗಿತ್ತು.

ಈ ಗೋಪುರಗಳು ಬಹುಮಟ್ಟಿಗೆ ಪ್ರವಾಸಿಗಳನ್ನು ನೆಚ್ಚಿದ್ದವು. ಕಚೇರಿಗಳಿಂದಲೇ ತುಂಬಿದ ಗಗನಚುಂಬಿಯ ನೆತ್ತಿಗೆ ಊಟದ ಮನೆ ಏರಿದಾಗ ಮಾತ್ರ, ಮುಂಜಾನೆಯ ಉಪಾಹಾರ ಅಲ್ಲಿನ ವ್ಯವಹಾರದ ಮುಖ್ಯ ಅಂಗವಾಗಲು ಸಾಧ್ಯವಾಯಿತು. ಏಕೆಂದರೆ ಕೆಲಸದ ವೇಳೆಗೆ ಮುಂಚೆ ಕೂಡಿ ಮಾತನಾಡಬೇಕಾದ ವರ್ತಕರು, ಬ್ಯಾಂಕಿನವರು ಮತ್ತು ಸಮ್ಮೇಳನಕ್ಕೆ ಬಂದವರು ಅದೇ ಕಟ್ಟಡದಲ್ಲಿಯೋ ಅದರ ನೆರೆಯಲ್ಲಿಯೋ ಇರುತ್ತಿದ್ದರು.

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ 106 ಮತ್ತು 107ನೆಯ ಮಹಡಿಗಳಲ್ಲಿ 1976ರಲ್ಲಿ ತೆರೆದ ‘ವಿಂಡೋಸ್ ಆನ್ ದಿ ವರ್ಲ್ಡ್’ ಈ ಬಗೆಯವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದನ್ನು ರೂಪಿಸಿದವರು ಜೋ ಬೌಮ್. ಒಳಾಂಗಣದ ವಿನ್ಯಾಸ ವಾರನ್ ಪ್ಲಾಟ್ನರ್ ಅವರದು. ಹಿಂದಿನ ವರ್ಷವಷ್ಟೇ ದಿವಾಳಿಯ ಅಂಚಿಗೆ ಬಂದಿದ್ದ ನಗರಕ್ಕೆ ಈ ಊಟದ ಮನೆ ಚೇತರಿಕೆಯ ಗುರುತಾಗಿ ಕಂಡಿತು. ಆದರೆ ಸಾರ್ವಜನಿಕ ಸಂಸ್ಥೆಯಾದ ಪೋರ್ಟ್ ಅಥಾರಿಟಿಯ ಕಟ್ಟಡದಲ್ಲಿದ್ದರೂ ಮಧ್ಯಾಹ್ನದ ವೇಳೆ ಅದು ಸದಸ್ಯರ ಕ್ಲಬ್ಬಾಗಿ ನಡೆಯುತ್ತಿದ್ದುದು, ಎತ್ತರದ ನೋಟ ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನೂ ಎಬ್ಬಿಸಿತು. 1993ರ ಫೆಬ್ರವರಿಯ ಬಾಂಬ್ ದಾಳಿಯ ನಂತರ ಮುಚ್ಚಿದ್ದ ಅದು 1996ರಲ್ಲಿ ಮತ್ತೆ ಬಾಗಿಲು ತೆರೆಯಿತು.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ವಿಮಾನ ಗೋಪುರಕ್ಕೆ ಅಪ್ಪಳಿಸಿದಾಗ, ಮೇಲೆ ನಿತ್ಯದ ಗಿರಾಕಿಗಳೂ ಸಮ್ಮೇಳನವೊಂದರ ಉಪಾಹಾರಕ್ಕೆ ಸೇರಿದ್ದವರೂ ಇದ್ದರು. ಕೆಳಗಿಳಿಯುವ ಮೂರು ಮೆಟ್ಟಿಲ ದಾರಿಗಳೂ ಕಡಿದುಹೋದ ಕಾರಣ ಅಲ್ಲಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಮಡಿದ ಸಿಬ್ಬಂದಿಯೇ 70ಕ್ಕೂ ಹೆಚ್ಚು; ಅಡಿಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಸೇರಿದ್ದ ಆ ಬಳಗದಲ್ಲಿ ಅನೇಕರು ಬೇರೆ ಬೇರೆ ದೇಶಗಳಿಂದ ದುಡಿಮೆಗಾಗಿ ವಲಸೆ ಬಂದವರು. ಪಾಳಿ ಬೇರೆಯಿದ್ದುದರಿಂದ ಬದುಕುಳಿದ ನೌಕರರ ನೆರವಿಗಾಗಿ 2002ರಲ್ಲಿ ‘ರೆಸ್ಟೋರೆಂಟ್ ಆಪರ್ಚುನಿಟೀಸ್ ಸೆಂಟರ್’ ಹುಟ್ಟಿ, ಬರಬರುತ್ತ ಹೋಟೆಲ್ ಕಾರ್ಮಿಕರ ಕೂಲಿ ಮತ್ತು ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆಯಾಗಿ ಬೆಳೆಯಿತು. 2006ರಲ್ಲಿ ಅವರಲ್ಲಿ ಕೆಲವರು ಸಹಕಾರಿ ತತ್ತ್ವದ ಮೇಲೆ ‘ಕಲರ್ಸ್’ ಎಂಬ ಹೋಟೆಲನ್ನು ನೆಲಮಟ್ಟದಲ್ಲಿ ತೆರೆದರು.

ಎತ್ತರದ ಊಟದ ಮನೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ವಾಸ್ತುಶಿಲ್ಪಿಗಳ ಮತ್ತು ಉದ್ಯಮಿಗಳ ಸಾಹಸವೆಂದೇ ಬರೆಯಲಾಗಿದೆ. ಆದರೆ ಗಿರಾಕಿಗೆ ಬಿಸಿಯಾದ ಉಪಾಹಾರ ಮೇಜಿನ ಮೇಲೆ ಸಿಗಬೇಕಾದರೆ ಅವನಿಗಿಂತ ಬಹಳ ಮುಂಚೆ ಯಾರೋ ಆ ಎತ್ತರಕ್ಕೆ ಏರಿ ಒಲೆ ಹೊತ್ತಿಸಿರಲೇಬೇಕು. ಓಟಿಸನ ಸಾಧನ, ಲಿಯೋನ್‌ಹಾರ್ಟರ ಲೆಕ್ಕಾಚಾರ, ಬೌಮ್‌ರ ಕಲ್ಪನೆ ಇವುಗಳ ಸಾಲಿನಲ್ಲಿ ಆ ದುಡಿಮೆಗೂ ಸಮಾನವಾದ ಸ್ಥಾನ ದೊರೆತಾಗಲೇ ಈ ಚರಿತ್ರೆ ನ್ಯಾಯವಾದುದಾಗುತ್ತದೆ.