ತುಂಬಿದ ಸಂಪು, ಹರಿಯುವ ಬೀದಿ: ದಾವಣಗೆರೆಯ ವಿದ್ಯಾನಗರದಲ್ಲಿ ಮನೆಮಟ್ಟದ ಮಳೆನೀರು ಸಂಗ್ರಹದ ಲೆಕ್ಕಾಚಾರ

ಸಾರಾಂಶ

ಮನೆಯ ಮಳೆನೀರು ಸಂಗ್ರಹದಿಂದ ನೀರಿನ ಉಳಿತಾಯವೂ ಬೀದಿಗೆ ಹರಿಯುವ ನೀರಿನ ತಡೆಯೂ ಒಟ್ಟಿಗೇ ಆಗುತ್ತವೆ ಎಂಬುದು ರೂಢಿಯ ಮಾತು. ದಾವಣಗೆರೆಯ ಮಳೆಯ ಪ್ರಮಾಣ ಮತ್ತು ಹಂಚಿಕೆಯನ್ನು ಆಧಾರವಾಗಿಟ್ಟುಕೊಂಡು ಈ ಲೇಖನ ಆ ಮಾತನ್ನು ಪರಿಶೀಲಿಸುತ್ತದೆ. ಉಳಿತಾಯಕ್ಕೆ ಸಂಪು ತುಂಬಿರಬೇಕು. ಹರಿವು ತಗ್ಗಲು ಜಾಗ ಖಾಲಿ ಇರಬೇಕು. ಒಂದೇ ಸಂಪು ಎರಡನ್ನೂ ನಿಭಾಯಿಸಲಾರದು ಎಂಬುದು ಇಲ್ಲಿನ ವಾದ.

1. ಹಿನ್ನೆಲೆ

ದಾವಣಗೆರೆ ನಗರದ ನೀರು ಬಹುಪಾಲು ದೂರದಿಂದ ಬರುತ್ತದೆ. ಹರಿಹರದ ಬಳಿಯ ರಾಜನಹಳ್ಳಿಯಿಂದ ತುಂಗಭದ್ರೆಯ ನೀರನ್ನು ಎತ್ತಿ ತರಲಾಗುತ್ತದೆ. ಭದ್ರಾ ನಾಲೆಯ ನೀರು ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ನಿಂತು ಮನೆಗಳನ್ನು ಸೇರುತ್ತದೆ. ಎರಡರ ಮೂಲವೂ ಮಲೆನಾಡಿನ ಮಳೆ. ಅಲ್ಲಿ ಮುಂಗಾರು ಕೈಕೊಟ್ಟರೆ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರಂತಹ ವರ್ಷದಲ್ಲಿ, ಬಯಲುನಾಡಿನ ನಲ್ಲಿಗಳಿಗೂ ಅದರ ಬಿಸಿ ತಟ್ಟುತ್ತದೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಒಂದೇ ನಗರ ನೀರು ನಿರ್ವಹಣಾ ಯೋಜನೆಯಡಿ ತಂದಿರುವುದರ ಹಿಂದೆಯೂ ಒಂದೇ ನದಿಯ ಮೇಲಿನ ಈ ಅವಲಂಬನೆಯಿದೆ. ವಿದ್ಯಾನಗರದ ತಾರಸಿಯ ಮೇಲೆ ಬೀಳುವ ಮಳೆಯಾದರೋ ಸ್ಥಳೀಯವಾದದ್ದು. ಅದರ ಪಾಲು ಎಷ್ಟು?

2. ವಾರ್ಷಿಕ ಲೆಕ್ಕ

ಮಾದರಿಗಾಗಿ 30×40 ಅಡಿಯ ನಿವೇಶನದಲ್ಲಿ 75 ಚದರ ಮೀಟರ್ ತಾರಸಿಯಿರುವ, ಐದು ಜನರ ಮನೆಯನ್ನು ತೆಗೆದುಕೊಳ್ಳೋಣ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ವರ್ಷಕ್ಕೆ ಸುಮಾರು 650 ಮಿ.ಮೀ. ಮಳೆ, ಅದರಲ್ಲಿ ಶೇ. 80ರಷ್ಟು ಕೈಗೆ ಸಿಗುತ್ತದೆ ಎಂದುಕೊಂಡರೆ ಒಟ್ಟು 39,000 ಲೀಟರ್ ಆಗುತ್ತದೆ.

ತಲಾ ದಿನಕ್ಕೆ 135 ಲೀಟರ್ ಎಂಬ ನಗರ ಪೂರೈಕೆಯ ಮಾನದಂಡದಂತೆ ಈ ಕುಟುಂಬಕ್ಕೆ ವರ್ಷಕ್ಕೆ ಸುಮಾರು 2,46,000 ಲೀಟರ್ ಬೇಕು. ತಾರಸಿಯ ನೀರು ಅದರ ಶೇ. 16ರಷ್ಟು ಮಾತ್ರ. ಮಳೆನೀರೊಂದೇ ಸಾಕೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಎ.ಆರ್. ಶಿವಕುಮಾರ್ ಅವರು ಜಲಮಂಡಳಿಯ ನಲ್ಲಿಯಿಲ್ಲದೆ ಬಾಳಿ ತೋರಿಸಿದ ‘ಸೌರಭ’ ಮನೆಯನ್ನು ಉದಾಹರಿಸುವಾಗ ದಾವಣಗೆರೆಗಿಂತ ಅಲ್ಲಿ ಮಳೆ ಹೆಚ್ಚು ಎಂಬುದನ್ನು ಮರೆಯಬಾರದು.

ಗುರಿಯನ್ನು ಕುಡಿಯುವುದಕ್ಕೆ ಮತ್ತು ಅಡುಗೆಗೆ ಸೀಮಿತಗೊಳಿಸಿದರೆ ಚಿತ್ರ ಬದಲಾಗುತ್ತದೆ. ತಲಾ 10 ಲೀಟರಿನಂತೆ ವರ್ಷಕ್ಕೆ 18,250 ಲೀಟರ್ ಸಾಕು. ಮಳೆ 450 ಮಿ.ಮೀ.ಗೆ ಕುಸಿದರೂ 27,000 ಲೀಟರ್ ಸಿಗುವುದರಿಂದ ಬರಗಾಲದಲ್ಲೂ ಈ ಗುರಿ ಕೈತಪ್ಪದು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಸುಮಾರು 150 ಒಣ ದಿನಗಳಿಗೆ 7,500 ಲೀಟರಿನ ಪ್ರತ್ಯೇಕ ಸಂಪು ಬೇಕಾಗುತ್ತದೆ. ಪ್ರತಿ ಮಳೆಯ ಮೊದಲ 2 ಮಿ.ಮೀ., ಅಂದರೆ 150 ಲೀಟರ್, ತಾರಸಿಯ ಧೂಳು ಮತ್ತು ಹಕ್ಕಿ ಹಿಕ್ಕೆಯನ್ನು ಹೊತ್ತು ಬರುತ್ತದೆ, ಅದನ್ನು ಹೊರಬಿಡಬೇಕು. ಆಮೇಲಿನದು ಜಲ್ಲಿ-ಮರಳಿನ ಸೋಸುಗದ ಮೂಲಕ ಒಳಬರಬೇಕು. ಕುಡಿಯುವ ಮುನ್ನ ಕುದಿಸುವುದು ತಪ್ಪದು.

3. ಹರಿವಿನ ಲೆಕ್ಕ

7,500 ಲೀಟರಿನ ಸಂಪು ತುಂಬಲು 125 ಮಿ.ಮೀ. ಮಳೆ ಸಾಕು. ತಿಂಗಳಿಗೆ ಬಳಸುವ 1,500 ಲೀಟರನ್ನು ಮತ್ತೆ ತುಂಬಿಕೊಡಲು ಬೇಕಾದದ್ದು ಬರೀ 25 ಮಿ.ಮೀ. ಹಾಗಾಗಿ ಸಾಮಾನ್ಯ ವರ್ಷದಲ್ಲಿ ಮುಂಗಾರಿನ ನಡುವಿನ ಹೊತ್ತಿಗೆ ಸಂಪು ತುಂಬಿರುತ್ತದೆ. ಈ ಭಾಗದಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗ ಒಂದೇ ಸಂಜೆ 40 ಮಿ.ಮೀ. ಸುರಿದರೆ ತಾರಸಿಯಿಂದ ಇಳಿಯುವ 2,400 ಲೀಟರ್ ನೀರೂ ತುಂಬಿದ ಸಂಪನ್ನು ದಾಟಿ ಬೀದಿಗೆ ಬೀಳುತ್ತದೆ. ಮಾಲೀಕರ ದೃಷ್ಟಿಯಲ್ಲಿ ವ್ಯವಸ್ಥೆ ಗೆದ್ದಿದೆ; ಚರಂಡಿಯ ದೃಷ್ಟಿಯಲ್ಲಿ ಅದು ಇದ್ದೂ ಇಲ್ಲದಂತೆ.

ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ನಂತರದ ನಿಯಮಗಳು ತಾರಸಿಯ ಪ್ರತಿ ಚದರ ಮೀಟರಿಗೆ 20 ಲೀಟರ್ ಸಾಮರ್ಥ್ಯವನ್ನು ನಿಗದಿಪಡಿಸಿದ್ದವು. ನಮ್ಮ ಮಾದರಿ ಮನೆಗೆ ಅದು 1,500 ಲೀಟರ್. ಒಣ ತಿಂಗಳುಗಳಿಗೆ ಇದು ಏನೇನೂ ಸಾಲದು. ಆದರೆ ಇಷ್ಟೇ ಜಾಗ ಮಳೆಗೆ ಮುನ್ನ ಖಾಲಿ ಇದ್ದರೆ ಆ ಸಂಜೆಯ ಹರಿವಿನಲ್ಲಿ ಶೇ. 60ಕ್ಕೂ ಹೆಚ್ಚು ಪಾಲನ್ನು ತಡೆಯುತ್ತದೆ. ಸಾವಿರ ಮನೆಗಳಾದರೆ 15 ಲಕ್ಷ ಲೀಟರ್.

4. ಕೋಡಿಯ ದಾರಿ

ಒಂದರ ಕೋಡಿ ಇನ್ನೊಂದರ ಒಳಹರಿವಾಗಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. 1997ರವರೆಗೆ ದಾವಣಗೆರೆಯ ಜಿಲ್ಲಾಕೇಂದ್ರವಾಗಿದ್ದ ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿ ಹೊಂಡದತ್ತ, ಅಲ್ಲಿಂದ ಕೆಳಗಿನ ಹೊಂಡಗಳತ್ತ ಇಳಿಯುವ ಏರ್ಪಾಡಿದೆ. ಮನೆಯಲ್ಲೂ ಸಂಪಿನ ಕೋಡಿ ಪೈಪು ಬೀದಿಗಿಂತ ಮೊದಲು 1,500 ಲೀಟರಿನ ತಡೆತೊಟ್ಟಿಗೆ ತೆರೆಯಬೇಕು. ಆ ತೊಟ್ಟಿ ಒಂದೆರಡು ದಿನಗಳಲ್ಲಿ ತಾನಾಗಿ ಬರಿದಾಗಬೇಕು.

ತೊಡಕಿರುವುದು ಇಲ್ಲೇ. ಎರೆ ಮಣ್ಣಿರುವ ಕಡೆ ಇಂಗುಗುಂಡಿ ಕೆಲಸಕ್ಕೆ ಬಾರದು. ಮಣ್ಣು ನೀರು ಕುಡಿದು ಉಬ್ಬುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಬುನಾದಿಯ ಪಕ್ಕದಲ್ಲಾದರೆ ಗೋಡೆ ಬಿರಿಯುವ ಅಪಾಯವೂ ಇದೆ. ಗುಂಡಿ ಎರೆಯನ್ನು ದಾಟಿ ಕೆಳಗಿನ ಗರಸನ್ನು ಮುಟ್ಟಬೇಕು. ಕೊಳವೆಬಾವಿಯಿದ್ದಲ್ಲಿ, ಚಿತ್ರದುರ್ಗದ ಭೂಜಲ ತಜ್ಞ ಎನ್.ಜೆ. ದೇವರಾಜರೆಡ್ಡಿ ಅವರು ಪ್ರಚಾರಕ್ಕೆ ತಂದಿರುವಂತೆ, ಕೇಸಿಂಗ್ ಪೈಪಿನ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳಿನ ಪದರಗಳ ಮೂಲಕ ಸೋಸಿಯೇ ನೀರಿಳಿಸಬೇಕು. ನಮ್ಮ ಮಾದರಿ ನಿವೇಶನದಲ್ಲಿ ತೆರೆದ ಜಾಗ ಸುಮಾರು 36 ಚದರ ಮೀಟರ್ ಮಾತ್ರ. ಸಂಪು, ಶೌಚಗುಂಡಿ, ವಾಹನ ಎಲ್ಲಕ್ಕೂ ಅದೇ ಜಾಗ. ಹಲವು ಮನೆಗಳ ಕೋಡಿ ನೀರನ್ನು ಬಡಾವಣೆಯ ಪಾರ್ಕಿನ ಒಂದೇ ಇಂಗುಬಾವಿಗೆ ಕೂಡಿಸುವುದು ಹೆಚ್ಚು ಕಾರ್ಯಸಾಧ್ಯ.

5. ತೀರ್ಮಾನ

ಕಟ್ಟಡ ಪರವಾನಗಿಯಲ್ಲಿ ‘ಮಳೆನೀರು ಸಂಗ್ರಹ ಕಡ್ಡಾಯ’ ಎಂಬ ಒಂದು ಸಾಲಿನಿಂದ ಎರಡು ಉದ್ದೇಶಗಳೂ ಈಡೇರವು. ತುಂಬಿರಬೇಕಾದ ಸಂಗ್ರಹ ಎಷ್ಟು, ಖಾಲಿ ಇರಬೇಕಾದ ತಡೆ ಎಷ್ಟು ಎಂದು ಎರಡು ಅಳತೆಗಳನ್ನು ಬೇರೆಬೇರೆಯಾಗಿ ನಮೂದಿಸಬೇಕು. ಮೊದಲನೆಯದರ ಲಾಭ ಮನೆಯವರಿಗೇ ಸಿಗುವುದರಿಂದ ಅದರ ಖರ್ಚು ಅವರದು. ಎರಡನೆಯದರ ಲಾಭ ತಗ್ಗಿನ ಬೀದಿಯವರಿಗೆ. ಅದರ ಖರ್ಚಿನಲ್ಲಿ ಮಹಾನಗರ ಪಾಲಿಕೆ ಪಾಲುಗೊಳ್ಳುವುದು ನ್ಯಾಯ.